28 ದಿನ, ಒಂದು ಕ್ಯಾನ್ ಕೆಸರು

ಚರಂಡಿ ನೀರು ಶುದ್ಧ ಮಾಡುವ ಘಟಕದ, ಅಂದರೆ ಎಸ್‌ಟಿಪಿಯ, ಗಾಳಿ ಬಿಡುವ ಏರೇಶನ್ ಟ್ಯಾಂಕಿನಿಂದ ಆಗಷ್ಟೇ ಎತ್ತಿದ ಕೆಸರು ನೋಡೋಕೆ ತೆಳ್ಳಗಿನ ರಾಗಿ ಅಂಬಲಿ ಥರ ಇರುತ್ತದೆ. ಟ್ಯಾಂಕು ಚೆನ್ನಾಗಿ ನಡೀತಿದ್ರೆ ಅದಕ್ಕೆ ಕೆಟ್ಟ ವಾಸನೆ ಇರುವುದಿಲ್ಲ, ಮಳೆ ಬಿದ್ದ ಹೊಲದ ಮಣ್ಣಿನ ವಾಸನೆ ಬರುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂತು ಅಂದರೆ ಗಾಳಿ ಸಾಲುತ್ತಿಲ್ಲ ಅಂತ ಅರ್ಥ, ಅಲ್ಲಿಂದ ಕೆಸರು ತರಬಾರದು. ಇದನ್ನ ನನಗೆ ಮೊದಲ ದಿನವೇ ಹೇಳಿಕೊಟ್ಟವರು ಎಸ್‌ಟಿಪಿಯ ಆಪರೇಟರ್ ಅಣ್ಣ. ಮಗ್ಗಿನಲ್ಲಿ ಎತ್ತಿ ನನ್ನ ಮೂಗಿನ ಹತ್ತಿರ ಹಿಡಿದರು. "ಇದ್ರೊಳಗೆ ಹುಳ ಐತೆ ಕಣಮ್ಮ, ಕಣ್ಣಿಗೆ ಕಾಣಲ್ಲ ಅಷ್ಟೇ. ದಾರೀಲಿ ಕ್ಯಾನಿನ ಮುಚ್ಚಳ ಬಿಗಿ ಮಾಡ್ಬೇಡ, ಉಸಿರು ಕಟ್ಟುತ್ತೆ" ಅಂದರು.

ಆ ಹುಳಗಳಿಗಾಗಿಯೇ ನಾನು ಅಲ್ಲಿಗೆ ಹೋಗುವುದು. ಬೆಂಗಳೂರಿನ ಒಂದು ಟೆಸ್ಟಿಂಗ್ ಲ್ಯಾಬಿನಲ್ಲಿ ನನ್ನ ಕೆಲಸ. ಒಂದು ರಾಸಾಯನಿಕ ನೀರಿಗೆ ಸೇರಿದ ಮೇಲೆ ಎಷ್ಟು ಸಲೀಸಾಗಿ ಕೊಳೆಯುತ್ತದೆ ಅಂತ ನೋಡುವ ಪರೀಕ್ಷೆ ಮಾಡುತ್ತೇವೆ. ಕರಗುವುದು ಬೇರೆ, ಕೊಳೆಯುವುದು ಬೇರೆ. ಉಪ್ಪು ಕರಗುತ್ತದೆ, ಕೊಳೆಯುವುದಿಲ್ಲ. ಬ್ಯಾಕ್ಟೀರಿಯಾ ಒಂದು ವಸ್ತುವನ್ನು ತಿಂದು, ಅದರ ಕಾರ್ಬನ್ನನ್ನು ಕಾರ್ಬನ್ ಡೈಆಕ್ಸೈಡ್ ಮಾಡಿ ಹೊರಗೆ ಬಿಟ್ಟರೆ ಅದು ಕೊಳೆತಂತೆ.

ಫೆಬ್ರವರಿಯಲ್ಲಿ ತುಮಕೂರು ಕಡೆಯಿಂದ ಗಂಡ ಹೆಂಡತಿ ಇಬ್ಬರು ಬಂದರು. ಒಂದು ಶೆಡ್ಡಿನಲ್ಲಿ ಪಾತ್ರೆ ತೊಳೆಯುವ ಲಿಕ್ವಿಡ್ ಮತ್ತೆ ನೆಲ ಒರೆಸುವ ಲಿಕ್ವಿಡ್ ಮಾಡಿ ಸುತ್ತಮುತ್ತಲ ಅಂಗಡಿಗಳಿಗೆ ಹಾಕುತ್ತಾರೆ. ಲೇಬಲ್ಲಿನ ಮೇಲೆ 'ಶೇ. 100 ಬಯೋಡಿಗ್ರೇಡಬಲ್', ಅಂದರೆ ಪೂರ್ತಿ ಕೊಳೆಯುತ್ತದೆ, ಅಂತ ಅಚ್ಚು ಹಾಕಿಸಿದ್ದರು. ಅವರಿಗೆ ಕಚ್ಚಾ ಮಾಲು ಕೊಡುವವರು ಹಾಗೆ ಹೇಳಿದ್ದರಂತೆ. 2024ರ ಅಕ್ಟೋಬರಿನಲ್ಲಿ ಗ್ರಾಹಕ ರಕ್ಷಣಾ ಪ್ರಾಧಿಕಾರ ಹಸಿರು ಹೆಸರಿನ ಸುಳ್ಳು ಜಾಹೀರಾತಿನ ಬಗ್ಗೆ ಮಾರ್ಗಸೂಚಿ ತಂದಿತಲ್ಲ, ಅದಾದ ಮೇಲೆ ಒಬ್ಬ ದೊಡ್ಡ ಅಂಗಡಿಯವರು "ಪುರಾವೆ ಕೊಡಿ" ಅಂದಿದ್ದಾರೆ. ಹಾಗಾಗಿ ಎರಡು ಕ್ಯಾನ್ ಹಿಡಿದುಕೊಂಡು ನಮ್ಮಲ್ಲಿಗೆ ಬಂದಿದ್ದರು.

ಮೊದಲ ಮಾತೇ ಅವರಿಗೆ ಬೇಜಾರಾಗುವಂಥದ್ದು ಹೇಳಬೇಕಾಯಿತು. ಈ ಪರೀಕ್ಷೆ ಒಂದೊಂದೇ ರಾಸಾಯನಿಕಕ್ಕೆ ಇರುವುದು, ಹತ್ತು ಸಾಮಾನು ಬೆರೆಸಿದ ಲಿಕ್ವಿಡ್ಡಿಗೆ ಅಲ್ಲ. ಹತ್ತರಲ್ಲಿ ಏಳು ಚೆನ್ನಾಗಿ ಕೊಳೆತು ಮೂರು ಹಾಗೇ ಉಳಿದರೂ ಒಟ್ಟು ಲೆಕ್ಕದಲ್ಲಿ ಒಳ್ಳೆಯ ಅಂಕ ಬಂದುಬಿಡಬಹುದು, ಆ ಉಳಿದ ಮೂರೇ ಕೆರೆಯಲ್ಲಿ ಕೂರುತ್ತವೆ. ನಮ್ಮ ಲ್ಯಾಬಿನ ಹಿರಿಯ ಮೇಡಂ ಆ ಇಬ್ಬರನ್ನೂ ಕೂರಿಸಿಕೊಂಡು ಒಂದೊಂದೇ ಸಾಮಾನು ಬರೆಸಿದರು. ಕೊನೆಗೆ ಎರಡನ್ನು ಪರೀಕ್ಷೆ ಮಾಡೋಣ ಅಂತ ಆಯಿತು. ಪಾತ್ರೆ ಲಿಕ್ವಿಡ್ಡಿನಲ್ಲಿ ಆಸಿಡ್ ಸ್ಲರಿಗೆ ಕಾಸ್ಟಿಕ್ ಸೋಡಾ ಹಾಕಿ ಮಾಡಿಕೊಂಡ ನೊರೆ ಬರುವ ಸಾಮಾನು, ಅಂದರೆ ಲೀನಿಯರ್ ಆಲ್ಕೈಲ್ ಬೆಂಜೀನ್ ಸಲ್ಫೋನೇಟ್, ನಾವೆಲ್ಲ ಎಲ್‌ಎಎಸ್ ಅನ್ನುತ್ತೇವೆ. ನೆಲದ ಲಿಕ್ವಿಡ್ಡಿನಲ್ಲಿ ಕ್ರಿಮಿ ಸಾಯಿಸುವ ಬೆಂಜಾಲ್ಕೋನಿಯಂ ಕ್ಲೋರೈಡ್, ವ್ಯಾಪಾರದವರ ಬಾಯಲ್ಲಿ ಬಿಕೆಸಿ.

ಈ ಪರೀಕ್ಷೆಗೆ ಒಇಸಿಡಿ ಅನ್ನುವ ಅಂತರರಾಷ್ಟ್ರೀಯ ಸಂಸ್ಥೆಯ 301ನೇ ಮಾರ್ಗಸೂಚಿಯಲ್ಲಿ ಆರು ವಿಧಾನ ಇವೆ, ಎ ಯಿಂದ ಎಫ್ ವರೆಗೆ. ಈಗ ಎಲ್ಲರೂ ಬಳಸುವ ರೂಪ 1992ರಲ್ಲಿ ಬಂದದ್ದು. ಆರರಲ್ಲಿ ನಾವು ಹೆಚ್ಚಾಗಿ ಮಾಡುವುದು ಎಫ್. ಮುಚ್ಚಿದ ಬಾಟಲಿಯಲ್ಲಿ ನೀರು, ಒಂದಿಷ್ಟು ಲವಣ, ಚೂರು ಕೆಸರು, ಮತ್ತೆ ಪರೀಕ್ಷೆಯ ವಸ್ತು. ಬ್ಯಾಕ್ಟೀರಿಯಾಗಳಿಗೆ ಬೇರೆ ಊಟ ಏನೂ ಇಲ್ಲ, ತಿಂದರೆ ಅದನ್ನೇ ತಿನ್ನಬೇಕು. ತಿನ್ನುವಾಗ ಆಮ್ಲಜನಕ ಎಳೆದುಕೊಳ್ಳುತ್ತವೆ, ಕಾರ್ಬನ್ ಡೈಆಕ್ಸೈಡ್ ಬಿಡುತ್ತವೆ. ಬಾಟಲಿಯ ಕುತ್ತಿಗೆಯಲ್ಲಿ ಕ್ಷಾರದ ಹರಳು ತೂಗು ಹಾಕಿರುತ್ತೇವೆ, ಅದು ಆ ಕಾರ್ಬನ್ ಡೈಆಕ್ಸೈಡನ್ನು ಹೀರಿಕೊಳ್ಳುತ್ತದೆ. ಹಾಗಾಗಿ ಆಮ್ಲಜನಕ ಕಡಿಮೆ ಆದ ಹಾಗೆ ಒಳಗಿನ ಒತ್ತಡ ಇಳಿಯುತ್ತದೆ, ಮುಚ್ಚಳದ ಮೇಲಿನ ಮೀಟರು ಅದನ್ನ ದಿನವೂ ಬರೆದಿಟ್ಟುಕೊಳ್ಳುತ್ತದೆ. ಒಂದು ರೀತಿ ಬಾಟಲಿಯ ಉಸಿರು ಎಣಿಸುವ ಕೆಲಸ. 28 ದಿನ, 22 ಡಿಗ್ರಿ, ಎರಡು ಡಿಗ್ರಿ ಆಚೀಚೆ.

ಬಾಟಲಿ ಒಂದೇ ಅಲ್ಲ. ಪರೀಕ್ಷೆಯ ವಸ್ತು ಹಾಕಿದ ಎರಡು. ಬರೀ ಕೆಸರು ಇರುವ ಎರಡು, ಅವು ಬ್ಲ್ಯಾಂಕ್. ಸೋಡಿಯಂ ಬೆಂಜೋಯೇಟ್ ಹಾಕಿದ ಒಂದು. ಹೌದು, ಸಾಸ್ ಬಾಟಲಿಯ ಹಿಂದೆ ಓದುತ್ತೇವಲ್ಲ, ಅದೇ ಬೆಂಜೋಯೇಟ್. ಅದು ಸುಲಭವಾಗಿ ಕೊಳೆಯುತ್ತದೆ ಅಂತ ಎಲ್ಲರಿಗೂ ಗೊತ್ತು, 14 ದಿನದೊಳಗೆ ಶೇ. 60 ದಾಟಲೇಬೇಕು. ದಾಟದಿದ್ದರೆ ನಮ್ಮ ಕೆಸರೇ ಸರಿಯಿಲ್ಲ. ಆಮೇಲೆ ಪರೀಕ್ಷೆಯ ವಸ್ತುವನ್ನೂ ಬೆಂಜೋಯೇಟನ್ನೂ ಸೇರಿಸಿ ಹಾಕಿದ ಇನ್ನೊಂದು. ಈ ಕೊನೆಯ ಬಾಟಲಿಯ ಬೆಲೆ ನನಗೆ ಆಗ ಗೊತ್ತಿರಲಿಲ್ಲ.

ಮೊದಲ ಸಲ ಮಾಡಿದ್ದು ಪೂರ್ತಿ ಹಾಳಾಯಿತು. ತಪ್ಪು ನನ್ನದೇ. ಕೆಸರು ತಂದ ಮೇಲೆ ಜರಡಿ ಹಿಡಿದು, ಕೂರಲು ಬಿಟ್ಟು, ಮೇಲಿನ ನೀರು ಚೆಲ್ಲಿ, ಲವಣದ ನೀರಿನಲ್ಲಿ ತೊಳೆಯಬೇಕು. ನಾನು ಒಂದೇ ಸಲ ತೊಳೆದೆ. ಅವತ್ತು ಸಾಯಂಕಾಲ ಆಗಿತ್ತು, ಮಾರನೇ ದಿನವೇ ಶುರು ಮಾಡುವ ಆತುರ. ಚರಂಡಿ ನೀರಿನ ಜೊತೆ ಬಂದ ಸಾಬೂನು, ಎಣ್ಣೆ, ಅನ್ನದ ಗಂಜಿ ಎಲ್ಲ ಕೆಸರಿಗೆ ಅಂಟಿಕೊಂಡೇ ಇತ್ತು. ಬ್ಲ್ಯಾಂಕ್ ಬಾಟಲಿಯ ಬ್ಯಾಕ್ಟೀರಿಯಾಗಳಿಗೆ ಊಟ ಇರಬಾರದು, ಅಲ್ವಾ? ಅವಕ್ಕೆ ಹಬ್ಬದೂಟವೇ ಸಿಕ್ಕಿತ್ತು. ಸಾಮಾನ್ಯವಾಗಿ 28 ದಿನಕ್ಕೆ ಲೀಟರಿಗೆ 20ರಿಂದ 30 ಮಿ.ಗ್ರಾಂ. ಆಮ್ಲಜನಕ ಎಳೆಯುವ ಬ್ಲ್ಯಾಂಕ್ 19ನೇ ದಿನಕ್ಕೇ 71ಕ್ಕೆ ಹೋಗಿತ್ತು. 60 ದಾಟಿದರೆ ಇಡೀ ಪರೀಕ್ಷೆಯನ್ನೇ ಅನುಮಾನದಿಂದ ನೋಡಬೇಕು. ನಾನು ದಿನಾ ಬೆಳಿಗ್ಗೆ ಪರೀಕ್ಷೆಯ ಬಾಟಲಿಯ ಗೆರೆಯನ್ನೇ ನೋಡುತ್ತಾ ಖುಷಿಪಡುತ್ತಿದ್ದೆ. ಪಕ್ಕದ ಬ್ಲ್ಯಾಂಕಿನ ಕಡೆ ಸರಿಯಾಗಿ ನೋಡಿರಲಿಲ್ಲ. ಮೇಡಂ ಬಯ್ಯಲಿಲ್ಲ. ಲೆಕ್ಕದ ಹಾಳೆ ತೆಗೆದು, ಪರೀಕ್ಷೆಯ ಬಾಟಲಿಯಿಂದ ಬ್ಲ್ಯಾಂಕ್ ಕಳೆಯುವ ಸಾಲಿನ ಕೆಳಗೆ ಪೆನ್ಸಿಲ್ಲಿನಲ್ಲಿ ಗೆರೆ ಎಳೆದು ನನ್ನ ಮುಂದೆ ಇಟ್ಟರು. ಕಳೆಯುವ ಸಂಖ್ಯೆ ದೊಡ್ಡದಾದಷ್ಟೂ ಉಳಿಯುವ ಸಂಖ್ಯೆಯ ಮೇಲೆ ನಂಬಿಕೆ ಕಡಿಮೆ.

ಎರಡನೇ ಸಲ ಏಪ್ರಿಲ್ಲಿನಲ್ಲಿ. ಅಣ್ಣ ನನ್ನ ಕ್ಯಾನ್ ನೋಡಿ "ಏನಮ್ಮ, ಮತ್ತೆ ಬಂದ್ಯಾ? ಹುಳ ಸತ್ತೋದ್ವಾ?" ಅಂದರು. ಸತ್ತಿಲ್ಲ ಅಣ್ಣ, ಜಾಸ್ತಿ ತಿಂದುಬಿಟ್ವು ಅಂದೆ. ಈ ಸಲ ಮೂರು ಸಲ ತೊಳೆದೆ, ಕೊನೆಯ ತೊಳೆದ ನೀರು ತಿಳಿಯಾಗುವ ತನಕ. ಆಮೇಲೆ ಐದು ದಿನ ಏನೂ ಹಾಕದೆ ಬರೀ ಗಾಳಿ ಬಿಟ್ಟು ಇಟ್ಟೆ. ಹಾಗೆ ಹಸಿವಿನಲ್ಲಿ ಇಡುವುದಕ್ಕೆ ನಿಯಮದಲ್ಲೇ ಅವಕಾಶ ಇದೆ. ಆದರೆ ಪರೀಕ್ಷೆಯ ವಸ್ತುವನ್ನು ಮೊದಲೇ ಚೂರು ಚೂರು ಕೊಟ್ಟು ರೂಢಿ ಮಾಡಿಸುವ ಹಾಗಿಲ್ಲ. ಆ ರಾಸಾಯನಿಕವನ್ನು ಪಳಗದ ಬ್ಯಾಕ್ಟೀರಿಯಾಗಳೂ ತಿನ್ನುತ್ತವಾ ಅನ್ನುವುದೇ ಇಲ್ಲಿ ಪ್ರಶ್ನೆ. ಕಾರ್ಖಾನೆ ನೀರು ಸೇರುವ ಎಸ್‌ಟಿಪಿಯಿಂದ ಕೆಸರು ತರದೆ, ಮನೆಗಳ ನೀರೇ ಹೆಚ್ಚಾಗಿ ಬರುವ ಕಡೆಯಿಂದ ತರುವುದೂ ಇದಕ್ಕೇ.

ಕೆಸರು ಎಷ್ಟು ಹಾಕಬೇಕು ಅನ್ನುವುದಕ್ಕೆ ಅದರ ಒಣ ತೂಕ ಗೊತ್ತಿರಬೇಕು. ಒಂದಿಷ್ಟು ಸೋಸಿ, ಆ ಫಿಲ್ಟರ್ ಹಾಳೆಯನ್ನು 105 ಡಿಗ್ರಿಯಲ್ಲಿ ಒಣಗಿಸಿ, ತಣ್ಣಗಾದ ಮೇಲೆ ತೂಗುವುದು. ಹಾಳೆಯ ಮೇಲೆ ಉಳಿಯುವುದು ತೆಳ್ಳಗಿನ ಕಂದು ಪೊರೆ, ದೋಸೆ ಹೆಂಚಿನ ಮೇಲೆ ಹಿಟ್ಟು ಒಣಗಿ ಅಂಟಿಕೊಂಡ ಹಾಗೆ. ಲೀಟರಿಗೆ 30 ಮಿ.ಗ್ರಾಂ.ಗಿಂತ ಜಾಸ್ತಿ ಹಾಕುವ ಹಾಗಿಲ್ಲ. ಬಾಟಲಿಗೆ ಹಾಕಿದ ಮೇಲೆ ನೀರು ಚೂರೇ ಮಂಕಾಗುತ್ತದೆ, ಕೆಸರು ಇದೆ ಅಂತಲೂ ಅನ್ನಿಸುವುದಿಲ್ಲ. ಅಷ್ಟೇ ಅಷ್ಟು ಜೀವ ತಿಂಗಳು ಪೂರ್ತಿ ಕೆಲಸ ಮಾಡುತ್ತದೆ. ಎಷ್ಟು ಸಲ ಮಾಡಿದರೂ ನನಗೆ ಇದು ಆಶ್ಚರ್ಯವೇ.

ಎಲ್‌ಎಎಸ್ ಲೆಕ್ಕ ಹೀಗೆ. ಅದರ ಒಂದು ಮಿ.ಗ್ರಾಂ. ಪೂರ್ತಿ ಸುಟ್ಟು ಹೋಗಲು ಸುಮಾರು 2.34 ಮಿ.ಗ್ರಾಂ. ಆಮ್ಲಜನಕ ಬೇಕು, ಇದು ಅಣುವಿನ ಸೂತ್ರದಿಂದಲೇ ಸಿಗುವ ಸಂಖ್ಯೆ. ಲೀಟರಿಗೆ 40 ಮಿ.ಗ್ರಾಂ. ಹಾಕಿದೆ, ಅಂದರೆ ಪೂರ್ತಿ ಕೊಳೆಯಲು 94 ಬೇಕು. ಮೊದಲ ಮೂರು ದಿನ ಗೆರೆ ಮಲಗಿಯೇ ಇತ್ತು. ನಾಲ್ಕನೇ ದಿನ ಶೇ. 10 ಮುಟ್ಟಿತು, ಆಮೇಲೆ ನೆಟ್ಟಗೆ ಏರಿತು. ಹದಿನಾಲ್ಕನೇ ದಿನಕ್ಕೆ 66. ಕೊನೆಯ ದಿನ ಬಾಟಲಿ ಎಳೆದದ್ದು 97, ಬ್ಲ್ಯಾಂಕ್ ಎಳೆದದ್ದು 26, ಉಳಿದದ್ದು 71. 94ಕ್ಕೆ 71 ಅಂದರೆ ಸುಮಾರು ಶೇ. 76. ಪಾಸು.

ಈ ಸಂಖ್ಯೆಯನ್ನ ಫೋನಿನಲ್ಲಿ ಹೇಳಿದಾಗ ಆ ಯಜಮಾನರು "ಹಾಗಾದ್ರೆ ಇನ್ನು 24 ಎಲ್ಲಿ ಹೋಯ್ತು ಮೇಡಂ?" ಅಂದರು. ಒಳ್ಳೆಯ ಪ್ರಶ್ನೆ. ನಾವು ಮುದ್ದೆ ಉಂಡರೆ ಎಲ್ಲವೂ ಶಕ್ತಿಯಾಗಿ ಉರಿದು ಹೋಗುವುದಿಲ್ಲ, ಒಂದು ಪಾಲು ಮೈಗೆ ಸೇರುತ್ತದೆ. ಬ್ಯಾಕ್ಟೀರಿಯಾಗಳೂ ಅಷ್ಟೇ, ತಿಂದ ಕಾರ್ಬನ್ನಿನಲ್ಲಿ ಒಂದಷ್ಟನ್ನು ತಮ್ಮ ಮೈ ಕಟ್ಟಿಕೊಳ್ಳಲು, ಮರಿ ಮಾಡಲು ಬಳಸುತ್ತವೆ. ಅದು ಆಮ್ಲಜನಕದ ಲೆಕ್ಕಕ್ಕೆ ಸಿಗುವುದಿಲ್ಲ. ಅದಕ್ಕೇ ಪಾಸಿನ ಗೆರೆಯನ್ನ 100ಕ್ಕೆ ಹಾಕದೆ 60ಕ್ಕೆ ಹಾಕಿದ್ದಾರೆ. ಒಂದೇ ಬಗೆಯ ಅಣು ಆದರೆ ಇನ್ನೊಂದು ಷರತ್ತೂ ಇದೆ: ಶೇ. 10 ಮುಟ್ಟಿದ ದಿನದಿಂದ ಹತ್ತು ದಿನದೊಳಗೆ 60 ಮುಟ್ಟಬೇಕು. ಎಲ್‌ಎಎಸ್, ಬಿಕೆಸಿ ಥರದವುಗಳಲ್ಲಿ ಉದ್ದ ಗಿಡ್ಡ ಸರಪಳಿಯ ಅಣುಗಳು ಬೆರೆತಿರುತ್ತವೆ, ಒಂದಾದ ಮೇಲೆ ಒಂದು ಕೊಳೆಯುತ್ತವೆ. ಅಂಥವಕ್ಕೆ ಈ ಹತ್ತು ದಿನದ ಷರತ್ತು ಹಾಕುವುದಿಲ್ಲ.

ಬಿಕೆಸಿ ಬಾಟಲಿಯದೇ ಬೇರೆ ಕಥೆ. ಏಳು ದಿನ, ಹತ್ತು ದಿನ, ಗೆರೆ ಏಳಲೇ ಇಲ್ಲ. ಬ್ಲ್ಯಾಂಕಿಗಿಂತಲೂ ಕೆಳಗೆ ಇತ್ತು. ನನಗೆ ಮೊದಲು ಹೊಳೆದದ್ದು ಮುಚ್ಚಳ ಸೋರುತ್ತಿದೆ ಅಂತ, ರಬ್ಬರ್ ಬದಲಿಸಬೇಕು ಅಂದುಕೊಂಡೆ. ಆದರೆ ಎರಡೂ ಬಾಟಲಿ ಒಂದೇ ಥರ ಇದ್ದವು. ಆಗ ಆ ಕೊನೆಯ ಬಾಟಲಿ ನೋಡಿದೆ, ಬಿಕೆಸಿ ಮತ್ತು ಬೆಂಜೋಯೇಟ್ ಎರಡೂ ಇದ್ದದ್ದು. 14ನೇ ದಿನಕ್ಕೆ ಒಟ್ಟು ಲೆಕ್ಕದಲ್ಲಿ ಶೇ. 25 ಆದರೂ ಕೊಳೆತಿರಬೇಕಿತ್ತು. ಹತ್ತಿರ ಹತ್ತಿರ ಸೊನ್ನೆ. ಪಕ್ಕದ ಬಾಟಲಿಯಲ್ಲಿ ಅದೇ ಕೆಸರು ಬೆಂಜೋಯೇಟನ್ನು ಒಂದೇ ವಾರದಲ್ಲಿ ಮುಗಿಸಿ ಕೂತಿದೆ, ಇಲ್ಲಿ ಮುಟ್ಟಿಯೂ ಇಲ್ಲ. ಬಿಕೆಸಿ ಆ ಬ್ಯಾಕ್ಟೀರಿಯಾಗಳನ್ನೇ ಸಾಯಿಸಿಬಿಟ್ಟಿತ್ತು. ಅದರ ಕೆಲಸವೇ ಅದು, ಕ್ರಿಮಿ ಸಾಯಿಸಲು ಮಾಡಿದ ಸಾಮಾನು.

ಆ ಒಂದು ಬಾಟಲಿ ಇಲ್ಲದಿದ್ದರೆ ನಾನು 'ಬಿಕೆಸಿ ಕೊಳೆಯುವುದಿಲ್ಲ' ಅಂತ ಬರೆದು ಕೈ ತೊಳೆದುಕೊಳ್ಳುತ್ತಿದ್ದೆ. ಅದು ತಪ್ಪು. ತಿನ್ನುವವರನ್ನೇ ಕೊಂದು, ಊಟ ಯಾರೂ ಮುಟ್ಟಲಿಲ್ಲ ಅಂದ ಹಾಗೆ. ಸರಿಯಾದ ಮಾತು ಏನೆಂದರೆ, ಈ ಪ್ರಮಾಣದಲ್ಲಿ ಅದು ವಿಷ, ಕೊಳೆಯುತ್ತದೋ ಇಲ್ಲವೋ ಈ ಬಾಟಲಿಯಿಂದ ಹೇಳಲು ಆಗುವುದಿಲ್ಲ. ಪ್ರಮಾಣ ತುಂಬಾ ಇಳಿಸಿ ಬೇರೆ ವಿಧಾನದಲ್ಲಿ ನೋಡಬೇಕು.

ಅದಕ್ಕೆ ಇರುವುದು ಡಿ ವಿಧಾನ. ನೀರಿನಲ್ಲಿ ಖರ್ಚಾಗುವ ಆಮ್ಲಜನಕ ಅಳೆಯಲು ಬಳಸುವ ಬಿಒಡಿ ಬಾಟಲಿಯನ್ನು ಕಂಠಪೂರ್ತಿ ತುಂಬಿ, ಒಂದು ಗುಳ್ಳೆಯೂ ಇಲ್ಲದ ಹಾಗೆ ಗಾಜಿನ ಬಿರಡೆ ಹಾಕಿ, ಕತ್ತಲಲ್ಲಿ ಇಡುವುದು. ಕೆಸರು ಹಾಕುವುದಿಲ್ಲ, ಎಸ್‌ಟಿಪಿಯಿಂದ ಹೊರಬೀಳುವ ತಿಳಿ ನೀರಿನ ಕೆಲವೇ ಹನಿ ಸಾಕು. ಅಣ್ಣ ಅದನ್ನ ಕ್ಲೋರಿನ್ ಹಾಕುವ ಜಾಗಕ್ಕಿಂತ ಮುಂಚೆಯೇ ಹಿಡಿದುಕೊಟ್ಟರು. ಬಾಟಲಿ ಮಾತ್ರ ತುಂಬಾ ಬೇಕು, ಏಕೆಂದರೆ ವಾರಕ್ಕೊಮ್ಮೆ ಒಂದೊಂದು ಜೋಡಿ ತೆರೆದು ಆಮ್ಲಜನಕ ಅಳೆದರೆ ಆ ಬಾಟಲಿಗಳ ಕಥೆ ಅಲ್ಲಿಗೆ ಮುಗಿಯಿತು.

ಇಲ್ಲಿ ಊಟಕ್ಕಿಂತ ಉಸಿರಿನದೇ ತಾಪತ್ರಯ. ಬಾಟಲಿಯೊಳಗೆ ಗಾಳಿ ಇಲ್ಲ, ನೀರಿನಲ್ಲಿ ಕರಗಿದ ಆಮ್ಲಜನಕ ಎಷ್ಟಿದೆಯೋ ಅಷ್ಟೇ. ಸಮುದ್ರದ ಮಟ್ಟದಲ್ಲಿ 22 ಡಿಗ್ರಿ ನೀರು ಲೀಟರಿಗೆ 8.7 ಮಿ.ಗ್ರಾಂ. ಹಿಡಿಯುತ್ತದೆ. ಬೆಂಗಳೂರು ಸಮುದ್ರ ಮಟ್ಟದಿಂದ 900 ಮೀಟರಿಗೂ ಮೇಲಿದೆ, ಇಲ್ಲಿ ಗಾಳಿಯ ಒತ್ತಡ ಕಡಿಮೆ, ಹಾಗಾಗಿ ನಮ್ಮ ನೀರು ರಾತ್ರಿಯಿಡೀ ಗಾಳಿ ಬಿಟ್ಟರೂ 7.8 ದಾಟುವುದಿಲ್ಲ. ಬಿಕೆಸಿ ಲೀಟರಿಗೆ ಎರಡೇ ಮಿ.ಗ್ರಾಂ. ಹಾಕಿದರೂ ಪೂರ್ತಿ ಕೊಳೆಯಲು 5.6 ಬೇಕು. ಬ್ಲ್ಯಾಂಕಿನ ಪಾಲು 1.5ರವರೆಗೆ ಹೋಗಬಹುದು. ಎರಡೂ ಸೇರಿ 7.1, ಕೊನೆಗೆ ಬಾಟಲಿಯಲ್ಲಿ 0.5 ಆದರೂ ಉಳಿದಿರಬೇಕು. ಮೂರು ಮಿ.ಗ್ರಾಂ. ಹಾಕೋಣವೇ ಅಂತ ನಾನು ಕೇಳಿದ್ದೆ, ಲೆಕ್ಕ ಹಾಕಿ ನೋಡಿದ ಮೇಲೆ ಬಿಟ್ಟೆ. ಉಸಿರು ಮುಗಿದುಹೋಗುತ್ತಿತ್ತು. ನಾವು ಕೊಂಡ ಬಿಕೆಸಿ ಶೇ. 50ರ ದ್ರಾವಣ, ಅದಕ್ಕೆ ಎರಡರ ಬದಲು ನಾಲ್ಕು ತೂಗಬೇಕು ಅನ್ನುವುದನ್ನೂ ಮರೆಯುವ ಹಾಗಿಲ್ಲ.

ಮೇ ಮಧ್ಯದಲ್ಲಿ ಶುರು ಮಾಡಿದ್ದು. ಮೊದಲ ವಾರ ಏನೂ ಇಲ್ಲ. 14ನೇ ದಿನ ಶೇ. 28. ಕರೆಂಟು ಹೋದಾಗಲೆಲ್ಲ ಜನರೇಟರ್ ಹತ್ತಿಕೊಳ್ಳುವ ತನಕ ನಾನು ಇನ್‌ಕ್ಯುಬೇಟರಿನ ಥರ್ಮಾಮೀಟರ್ ನೋಡುತ್ತಾ ನಿಂತಿರುತ್ತಿದ್ದೆ, ಬಾಗಿಲು ತೆಗೆಯಬಾರದು ಅಂತ ಗಾಜಿನಿಂದಲೇ. ಕೊನೆಯ ದಿನ ಬ್ಲ್ಯಾಂಕಿನಲ್ಲಿ 6.9, ಬಿಕೆಸಿ ಬಾಟಲಿಯಲ್ಲಿ 3.4. ವ್ಯತ್ಯಾಸ 3.5. ನೈಟ್ರೇಟ್, ನೈಟ್ರೈಟ್ ಕೂಡ ಅಳೆದೆ, ಏಕೆಂದರೆ ಸಾರಜನಕ ಇರುವ ವಸ್ತು ಆದರೆ ಅದಕ್ಕೂ ಆಮ್ಲಜನಕ ಖರ್ಚಾಗುತ್ತದೆ, ಅದು ಕೊಳೆತ ಲೆಕ್ಕಕ್ಕೆ ಸೇರಿಬಿಡಬಾರದು. ಅವು ಏರಿರಲಿಲ್ಲ. 5.6ಕ್ಕೆ 3.5, ಅಂದರೆ ಶೇ. 62ರ ಮೇಲೆ. ಅದೇ ಬಿಕೆಸಿ, ಒಂದು ಬಾಟಲಿಯಲ್ಲಿ ಬ್ಯಾಕ್ಟೀರಿಯಾಗಳನ್ನು ಕೊಂದದ್ದು, ಇಪ್ಪತ್ತು ಪಾಲು ತೆಳ್ಳಗಾದ ಮೇಲೆ ಅವುಗಳ ಊಟ ಆಯಿತು.

ವರದಿ ಕೊಡುವ ದಿನ ಅವರಿಬ್ಬರೂ ಬಂದಿದ್ದರು. ಹೊರಗೆ ಜೋರು ಮಳೆ. ಎರಡೂ ಪಾಸು ಅಂದಾಗ ಆಕೆಯ ಮುಖ ಅರಳಿತು. ಆದರೆ ನನಗೆ ಅಷ್ಟು ಹೇಳಿ ಕಳಿಸಲು ಮನಸ್ಸು ಬರಲಿಲ್ಲ. ಬೆಳ್ಳಂದೂರು ಕೆರೆಯ ನೊರೆ ನೋಡಿದ್ದೀರಾ ಅಂತ ಕೇಳಿದೆ. 2015ರ ಮೇ ತಿಂಗಳಲ್ಲಿ ಆ ನೊರೆಗೆ ಬೆಂಕಿ ಹತ್ತಿದ್ದು ಟಿವಿಯಲ್ಲಿ ನೋಡಿದ್ದೀವಿ ಅಂದರು. ನೊರೆ ಬರುವ ಇಂಥ ಸಾಮಾನು ನಮ್ಮ ಬಾಟಲಿಯಲ್ಲಿ ಹದಿನಾಲ್ಕು ದಿನಕ್ಕೆ ಮೂರರಲ್ಲಿ ಎರಡು ಪಾಲಿನ ಹತ್ತಿರ ಹೋಗುತ್ತದೆ, ಕೆರೆಯಲ್ಲಿ ಮಾತ್ರ ಹೋಗುವುದಿಲ್ಲ, ಯಾಕೆ? ಎಲ್‌ಎಎಸ್ ತಿನ್ನಲು ಬ್ಯಾಕ್ಟೀರಿಯಾಗಳಿಗೆ ಆಮ್ಲಜನಕ ಬೇಕೇ ಬೇಕು. ಆಮ್ಲಜನಕ ಇಲ್ಲದ ಕೆಸರಿನಲ್ಲಿ ಅದು ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಹಿಂದೆ, 1950ರ ದಶಕದಲ್ಲಿ, ಡಿಟರ್ಜೆಂಟುಗಳಲ್ಲಿ ಕವಲೊಡೆದ ಸರಪಳಿಯ ಅಣು ಇರುತ್ತಿತ್ತು, ಗಾಳಿ ಕೊಟ್ಟರೂ ಸರಿಯಾಗಿ ಕೊಳೆಯುತ್ತಿರಲಿಲ್ಲ, ಯುರೋಪಿನ ನದಿಗಳ ಮೇಲೆ ನೊರೆಯ ಗುಡ್ಡೆ ತೇಲುತ್ತಿತ್ತು. ಜರ್ಮನಿ 1961ರಲ್ಲಿ ಅದರ ಮೇಲೆ ಕಾನೂನು ತಂದಿತು, 1964ರಿಂದ ಜಾರಿ ಆಯಿತು. ಆಗ ಬಂದದ್ದು ಈ ನೇರ ಸರಪಳಿಯ ಎಲ್‌ಎಎಸ್. ಅಣುವನ್ನು ಸರಿ ಮಾಡಿದರು. ಆದರೆ ಅದು ಹೋಗಿ ಬೀಳುವ ನೀರಿನಲ್ಲಿ ಉಸಿರು ಇರಬೇಕು ಅನ್ನುವುದನ್ನು ಯಾವ ಅಣುವೂ ತುಂಬಿಕೊಡುವುದಿಲ್ಲ. ನನ್ನ 76 ಅನ್ನುವ ಸಂಖ್ಯೆ ಆಮ್ಲಜನಕ ತುಂಬಿದ ಬಾಟಲಿಯ ಸಂಖ್ಯೆ. ಅದನ್ನ ವರದಿಯಲ್ಲಿ ಮೊದಲ ಪುಟದಲ್ಲೇ ಬರೆದಿದ್ದೆ.

ಯಜಮಾನರು ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಫೋನು ತೆಗೆದು ಒಂದು ಫೋಟೋ ತೋರಿಸಿದರು. ಶೆಡ್ಡಿನ ಹಿಂದೆ ಒಂದು ಗುಂಡಿ. ಡ್ರಮ್ ತೊಳೆದ ನೀರೆಲ್ಲ ಅದಕ್ಕೇ ಹೋಗುತ್ತದಂತೆ, ಅಲ್ಲಿ ಒಳಚರಂಡಿ ಇಲ್ಲ. ನೀರು ಕಪ್ಪಗೆ, ಮೇಲೆ ಬಿಳಿ ನೊರೆ. "ಮಳೆ ಬಂದಾಗ ಇದು ಉಕ್ಕಿ ಪಕ್ಕದ ತೋಟಕ್ಕೆ ಹೋಗ್ತದೆ ಮೇಡಂ. ವರ್ಷ ಆದ್ರೂ ನೊರೆ ಹೋಗಿಲ್ಲ. ನಾವು ಸಾಮಾನೇ ಸರಿಯಿಲ್ಲ ಅಂತ ಅಂದ್ಕೊಂಡಿದ್ವಿ" ಅಂದರು.

ಮುಂದಿನ ಶನಿವಾರ ಆಮ್ಲಜನಕದ ಮೀಟರ್ ಹಿಡಿದುಕೊಂಡು ಹೋದೆ. ಮೇಡಂ ಕೇಳಿದ ತಕ್ಷಣ ಒಪ್ಪಿ ಗಾಡಿ ಕೊಟ್ಟರು. ಗುಂಡಿಯ ಅಂಚಿನಲ್ಲಿ ಕೂತು ಪ್ರೋಬ್ ಇಳಿಬಿಟ್ಟರೆ 0.2. ಕೊಳೆತ ಮೊಟ್ಟೆಯ ವಾಸನೆ. ಆಕೆ ಪಕ್ಕದಲ್ಲೇ ನಿಂತು "ಇದಕ್ಕೆ ಮೀನಿನ ತೊಟ್ಟಿಗೆ ಹಾಕ್ತಾರಲ್ಲ, ಆ ಥರ ಗಾಳಿ ಪಂಪು ದೊಡ್ಡದು ಹಾಕಿಸಿದ್ರೆ ಆಗುತ್ತಾ?" ಅಂತ ಕೇಳಿದರು. ಅದು ನನ್ನ ಲ್ಯಾಬಿನ ಕೆಲಸ ಅಲ್ಲ, ಆದರೆ ಅದನ್ನು ಬಲ್ಲವರೊಬ್ಬರು ಗೊತ್ತು ಅಂದೆ. ಅಲ್ಲಿಂದಲೇ ಅಣ್ಣನಿಗೆ ಫೋನ್ ಮಾಡಿದೆ. ಗುಂಡಿಯ ಉದ್ದ, ಅಗಲ, ಆಳ, ದಿನಕ್ಕೆ ಎಷ್ಟು ಡ್ರಮ್ ನೀರು ಅಂತ ಎಲ್ಲ ಕೇಳಿಕೊಂಡರು. ನೆಲ ಒರೆಸೋ ಲಿಕ್ವಿಡ್ಡಿನ ಡ್ರಮ್ ತೊಳೆದ ನೀರು ಬೇರೆ ಮಾಡಿಸಿ, ಇಲ್ಲದಿದ್ರೆ ಎಷ್ಟು ಗಾಳಿ ಕೊಟ್ರೂ ಹುಳ ಉಳಿಯಲ್ಲ ಅಂದರು. ಬಿಕೆಸಿ ಅನ್ನುವ ಹೆಸರನ್ನ ನಾನಿನ್ನೂ ಅವರಿಗೆ ಹೇಳಿರಲಿಲ್ಲ.

ಭಾನುವಾರ ರಜೆ ಹಾಕಿ ಅವರೇ ಹೋಗಿ ನೋಡಿಕೊಂಡು ಬಂದಿದ್ದಾರೆ. ಹೊಸ ಲೇಬಲ್ಲಿನಲ್ಲಿ 'ಶೇ. 100' ಇಲ್ಲ, ಪರೀಕ್ಷೆ ಮಾಡಿದ ಎರಡು ಸಾಮಾನಿನ ಹೆಸರು ಇದೆ. ಗುಂಡಿಗೆ ಬ್ಲೋವರ್ ಬಂದಿದೆ, ಒಂದು ಕ್ಯಾನ್ ಕೆಸರು ಅಣ್ಣನ ಟ್ಯಾಂಕಿನಿಂದಲೇ ಹೋಗಿದೆ, ಮುಚ್ಚಳ ಸಡಿಲ ಮಾಡಿಕೊಂಡು. ಮೊನ್ನೆ ಆಕೆ ಕಳಿಸಿದ ಮೀಟರಿನ ಫೋಟೋದಲ್ಲಿ 1.6 ಇತ್ತು.